ದೊಡ್ಡಬೆಳವಂಗಲ ಹೋಬಳಿಯ ಕೆರೆ ಮೀನುಗಳಲ್ಲಿ ಹುಳುಬಾಧೆ: ಸಾರ್ವಜನಿಕರಿಗೆ ಹಾಗೂ ಕೆರೆ ಗುತ್ತಿಗೆದಾರರಿಗೆ ಮಾಹಿತಿ

1. ಪೀಠಿಕೆ

ಕೆರೆಯಲ್ಲಿ ಹಿಡಿದ ಅಥವಾ ಸಂತೆಯಲ್ಲಿ ಕೊಂಡ ಮೀನನ್ನು ಸ್ವಚ್ಛಗೊಳಿಸುವಾಗ ಹೊಟ್ಟೆಯೊಳಗೆ ಬಿಳಿ ಲಾಡಿಯಂತಹ ಹುಳು, ಮಾಂಸದಲ್ಲಿ ಹಳದಿ ಗಂಟು ಅಥವಾ ಮೈಮೇಲೆ ನೂಲಿನ ಎಳೆಯಂತಹ ವಸ್ತು ಕಂಡುಬರುವುದುಂಟು. ಇಂತಹ ಸಂದರ್ಭದಲ್ಲಿ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ತಿನ್ನಲು ಯೋಗ್ಯವಾದ ಮೀನನ್ನೂ ಗ್ರಾಹಕರು ಭಯದಿಂದ ನಿರಾಕರಿಸುತ್ತಾರೆ. ಗುತ್ತಿಗೆ ಹಣವನ್ನೂ ಮೀನುಮರಿಯ ವೆಚ್ಚವನ್ನೂ ಮೊದಲೇ ತೊಡಗಿಸಿರುವ ಗುತ್ತಿಗೆದಾರರು ಆತುರದಿಂದ ಕೆರೆಗೆ ಕೀಟನಾಶಕ ಸುರಿಯಲು ಮುಂದಾಗುತ್ತಾರೆ. ಮೊದಲನೆಯದರಿಂದ ಒಂದು ದಿನದ ವ್ಯಾಪಾರ ಕೆಡುತ್ತದೆ. ಎರಡನೆಯದರಿಂದ ಇಡೀ ಊರಿನ ನೀರು ಕೆಡುತ್ತದೆ.

ಮೀನಿನ ಹುಳುಬಾಧೆಯನ್ನು ಕೆರೆಗೆ ಔಷಧಿ ಹಾಕಿ ನಿವಾರಿಸಲು ಸಾಧ್ಯವಿಲ್ಲ. ಮರಿ ಬಿತ್ತನೆಯ ಹಂತದಲ್ಲಿ, ಸಕಾಲಿಕ ಹಿಡುವಳಿಯಲ್ಲಿ ಮತ್ತು ಅಡುಗೆಯ ಒಲೆಯ ಮೇಲೆ ಅದನ್ನು ತಡೆಯಲು ಸಾಧ್ಯವಿದೆ. ಈ ಅಂಶವನ್ನು ಕಾರಣಸಹಿತ ವಿವರಿಸುವುದು ಈ ಪುಟದ ಉದ್ದೇಶವಾಗಿದೆ.

2. ಕೆರೆಗಳ ಸ್ವರೂಪ ಮತ್ತು ಹುಳುಬಾಧೆಗೆ ಅವುಗಳ ಸಂಬಂಧ

ದೊಡ್ಡಬೆಳವಂಗಲವು ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದೆ. ಈ ಭಾಗದ ಕೆರೆಗಳು ಮಳೆಯಾಶ್ರಿತವಾಗಿದ್ದು, ಮುಂಗಾರು ಹಾಗೂ ಹಿಂಗಾರಿನಲ್ಲಿ ನೀರು ಪಡೆದು ಬೇಸಿಗೆಯ ವೇಳೆಗೆ ಕುಗ್ಗುತ್ತವೆ; ಕೆಲವು ವರ್ಷ ಪೂರ್ಣವಾಗಿ ಒಣಗುತ್ತವೆ. ಮೀನಿನ ಆರೋಗ್ಯದ ದೃಷ್ಟಿಯಿಂದ ಇದರ ಪರಿಣಾಮಗಳು ಈ ಕೆಳಕಂಡಂತಿವೆ.

(ಅ) ಕೆರೆ ಪೂರ್ಣವಾಗಿ ಒಣಗಿದಾಗ ಮೀನು ಹೇನಿನ ಮೊಟ್ಟೆಗಳು ಹಾಗೂ ಬಸವನಹುಳುಗಳಲ್ಲಿ ಹೆಚ್ಚಿನವು ನಾಶವಾಗುತ್ತವೆ. ಒಣ ಕೆರೆಯು ಒಂದು ವರ್ಷದ ಆದಾಯವನ್ನು ಕಸಿದರೂ ಮುಂದಿನ ಬೆಳೆಗೆ ಸ್ವಚ್ಛ ನೆಲೆಯನ್ನು ಒದಗಿಸುತ್ತದೆ.

(ಆ) ಮಾಘದಿಂದ ವೈಶಾಖದವರೆಗೆ ನೀರು ತಗ್ಗುತ್ತಾ ಹೋದಂತೆ ಅದೇ ಸಂಖ್ಯೆಯ ಮೀನುಗಳು ಕಿರಿದಾದ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ. ನೀರಿನ ಉಷ್ಣತೆಯೂ ಏರುವುದರಿಂದ ಮೀನಿನಿಂದ ಮೀನಿಗೆ ನೇರವಾಗಿ ಹರಡುವ ಪರೋಪಜೀವಿಗಳು ಈ ಅವಧಿಯಲ್ಲಿ ವೇಗವಾಗಿ ವೃದ್ಧಿಸುತ್ತವೆ.

(ಇ) ಮೇಲಿನ ಕೆರೆಯ ಕೋಡಿ ಹರಿದಾಗ ಆ ನೀರು ಕೆಳಗಿನ ಕೆರೆಯನ್ನು ಸೇರುತ್ತದೆ. ನೀರಿನೊಡನೆ ಕಾಡುಮೀನು, ಬಸವನಹುಳು ಹಾಗೂ ಹುಳುಗಳ ಮರಿಗಳೂ ಸಾಗುತ್ತವೆ. ಆದ್ದರಿಂದ ಒಬ್ಬ ಗುತ್ತಿಗೆದಾರರು ತಮ್ಮ ಕೆರೆಯನ್ನು ಮಾತ್ರ ಹುಳುಮುಕ್ತಗೊಳಿಸುವುದು ಪ್ರಾಯೋಗಿಕವಲ್ಲ.

3. ಸಾಮಾನ್ಯವಾಗಿ ಕಂಡುಬರುವ ಪರೋಪಜೀವಿಗಳು

ದಕ್ಷಿಣ ಭಾರತದ ಸಿಹಿನೀರಿನ ಮೀನುಗಳಲ್ಲಿ ವ್ಯಾಪಕವಾಗಿ ಕಂಡುಬರುವ ಪರೋಪಜೀವಿಗಳನ್ನು ಅವು ಇರುವ ಸ್ಥಳವನ್ನು ಆಧರಿಸಿ ಎರಡು ಗುಂಪುಗಳಾಗಿ ವಿಂಗಡಿಸಬಹುದು.

3.1 ಹೊರಮೈ ಹಾಗೂ ಕಿವಿರಿನ ಮೇಲಿರುವವು

ಲಂಗರು ಹುಳು (ಲರ್ನಿಯಾ): ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮುಂತಾದ ಮೀನುಗಳ ಮೈಮೇಲೆ ಅರ್ಧದಿಂದ ಒಂದು ಅಂಗುಲ ಉದ್ದದ ಎಳೆಯಂತೆ ಜೋತುಬಿದ್ದಿರುತ್ತದೆ. ಎಳೆಯ ತುದಿಯಲ್ಲಿ ಎರಡು ಚಿಕ್ಕ ಮೊಟ್ಟೆ ಚೀಲಗಳಿರುತ್ತವೆ. ತಲೆಯ ಭಾಗವು ಲಂಗರಿನಂತೆ ಕವಲೊಡೆದು ಮಾಂಸದೊಳಗೆ ನಾಟಿರುವುದರಿಂದ ಎಳೆದರೆ ತುಂಡಾಗಿ ಬರುತ್ತದೆ. ಇದಕ್ಕೆ ಹುಳುವೆಂಬ ಹೆಸರಿದ್ದರೂ ಇದು ಸಿಗಡಿ ಮತ್ತು ಏಡಿಗಳ ವರ್ಗಕ್ಕೆ ಸೇರಿದ ಜೀವಿ. ಹಿರಿಯರು ಬಲ್ಲ ನಾರುಹುಣ್ಣಿನ ಹುಳುವಿಗೂ ಇದಕ್ಕೂ ಯಾವುದೇ ಸಂಬಂಧವಿಲ್ಲ. ನಾರುಹುಣ್ಣಿನ ಕೊನೆಯ ಪ್ರಕರಣವು ಭಾರತದಲ್ಲಿ 1996ರಲ್ಲಿ ವರದಿಯಾಗಿದ್ದು, 2000ರಲ್ಲಿ ದೇಶವು ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣೀಕರಿಸಿದೆ.

ಮೀನು ಹೇನು (ಆರ್ಗುಲಸ್): ಚಪ್ಪಟೆಯಾಗಿ, ದುಂಡಗೆ, ಪಾರದರ್ಶಕವಾಗಿದ್ದು ಬರಿಗಣ್ಣಿಗೆ ಕಾಣುತ್ತದೆ. ಮೀನಿನ ಮೈಮೇಲೆ ಹರಿದಾಡಿ ರಕ್ತ ಹೀರುತ್ತದೆ. ಬಾಧೆಗೊಳಗಾದ ಮೀನು ಮೈಯನ್ನು ಕಲ್ಲು ಹಾಗೂ ಬೇರುಗಳಿಗೆ ಉಜ್ಜುತ್ತದೆ, ಇದ್ದಕ್ಕಿದ್ದಂತೆ ನೀರಿನಿಂದ ಮೇಲಕ್ಕೆ ಜಿಗಿಯುತ್ತದೆ, ಮೇವು ತಿನ್ನುವುದಿಲ್ಲ. ಹೇನು ಕಚ್ಚಿದ ಗಾಯದ ಮೂಲಕ ಬ್ಯಾಕ್ಟೀರಿಯಾ ಸೋಂಕು ತಗಲುವುದೇ ಹೆಚ್ಚಿನ ಸಾವಿಗೆ ಕಾರಣವಾಗುತ್ತದೆ.

ಕಿವಿರು ಹುಳು (ಡ್ಯಾಕ್ಟೈಲೋಗೈರಸ್): ಒಂದೆರಡು ಮಿಲಿಮೀಟರ್‌ಗಿಂತ ಚಿಕ್ಕದಾದ ಈ ಚಪ್ಪಟೆಹುಳುವನ್ನು ಸೂಕ್ಷ್ಮದರ್ಶಕದಿಂದ ಮಾತ್ರ ಖಚಿತಪಡಿಸಬಹುದು. ಕಿವಿರು ಬಿಳಿಚಿಕೊಳ್ಳುವುದು, ಲೋಳೆ ಹೆಚ್ಚುವುದು, ಮರಿಗಳು ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ಉಸಿರಾಡುವುದು ಇದರ ಲಕ್ಷಣಗಳು. ದೊಡ್ಡ ಮೀನುಗಳಿಗಿಂತ ಮರಿಗಳಿಗೆ ಇದರಿಂದ ಅಪಾಯ ಹೆಚ್ಚು.

3.2 ದೇಹದ ಒಳಗಿರುವವು

ಲಾಡಿಹುಳುಗಳು: ಗೆಂಡೆ ಜಾತಿಯ ಮೀನುಗಳ ಹೊಟ್ಟೆಯ ಕುಹರದಲ್ಲಿ ಬಿಳಿ ಪಟ್ಟಿಯಂತೆ ಕಾಣುವ ಲಿಗುಲಾ ಹುಳುವು ಕೆಲವೊಮ್ಮೆ ಹೊಟ್ಟೆಯನ್ನೇ ಉಬ್ಬಿಸುವಷ್ಟು ಬೆಳೆಯುತ್ತದೆ; ಇಂತಹ ಮೀನು ಮೊಟ್ಟೆ ಕಟ್ಟುವುದಿಲ್ಲ. ಏಷ್ಯಾದ ಲಾಡಿಹುಳುವೆಂದು ಕರೆಯಲಾಗುವ ಮತ್ತೊಂದು ಜಾತಿಯು ಕರುಳಿನಲ್ಲಿ ವಾಸಿಸುತ್ತದೆ. ಪೂರ್ವ ಏಷ್ಯಾ ಮೂಲದ ಈ ಹುಳುವು ಹುಲ್ಲುಗೆಂಡೆ ಮುಂತಾದ ಮೀನುಗಳ ಸಾಗಣೆಯೊಂದಿಗೆ ಹಲವು ದೇಶಗಳಿಗೆ ಹರಡಿದೆ. ಮರಿಗಳ ಸಾಗಣೆಯೇ ಹುಳುವಿನ ಸಾಗಣೆಯೂ ಆಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಹಳದಿ ಅಥವಾ ಬಿಳಿ ಗಂಟುಗಳು: ಕೊರವ (ಕುಚ್ಚು) ಮೀನಿನ ಮಾಂಸ ಹಾಗೂ ಪಿತ್ತಜನಕಾಂಗದಲ್ಲಿ ಕಾಳಿನ ಗಾತ್ರದ ಗಂಟುಗಳಾಗಿ ಕಂಡುಬರುವವು ಚಪ್ಪಟೆಹುಳುವಿನ ಮರಿಗಳು. ಇವುಗಳಲ್ಲಿ ಯೂಕ್ಲಿನೋಸ್ಟೋಮಮ್ ಮತ್ತು ಕ್ಲಿನೋಸ್ಟೋಮಮ್ ಮುಖ್ಯವಾದವು. ಗಂಟನ್ನು ಸೂಜಿಯಿಂದ ಬಿಡಿಸಿದರೆ ಜೀವಂತ ಹುಳು ಹೊರಬರುತ್ತದೆ.

ಗಾಳಿಚೀಲದ ಹುಳು: ಬಾಳೆ ಮೀನಿನ ಗಾಳಿಚೀಲದಲ್ಲಿ ಎಲೆಯಾಕಾರದ ದೊಡ್ಡ ಚಪ್ಪಟೆಹುಳು (ಐಸೋಪಾರಾರ್ಕಿಸ್) ವಾಸಿಸುತ್ತದೆ. ಇದರ ಎಳೆಯ ಹುಳುಗಳು ಇತರ ಮೀನುಗಳ ದೇಹದಲ್ಲಿ ಕಪ್ಪು ಬಣ್ಣದ ಮಚ್ಚೆಗಳಂತೆ ಕಾಣಿಸುತ್ತವೆ.

ಮುಳ್ಳುತಲೆ ಹುಳು: ಕೊರವ ಮೀನಿನ ಕರುಳಿನ ಗೋಡೆಗೆ ಮುಳ್ಳಿನ ಸೊಂಡಿಲಿನಿಂದ ಕಚ್ಚಿಕೊಂಡಿರುತ್ತದೆ. ಕರುಳನ್ನು ತೆಗೆದು ಬಿಸಾಡುವುದರಿಂದ ಆಹಾರದ ದೃಷ್ಟಿಯಲ್ಲಿ ಇದು ಮಹತ್ವದ್ದಲ್ಲ.

4. ಹುಳುವಿನ ಜೀವನಚಕ್ರ

ಮೀನಿನ ಒಳಗಿನ ಹುಳುಗಳಲ್ಲಿ ಹೆಚ್ಚಿನವು ಮೀನಿನಿಂದ ಮೀನಿಗೆ ನೇರವಾಗಿ ಹರಡುವುದಿಲ್ಲ. ಹಳದಿ ಗಂಟಿನ ಹುಳು ಬೆಳ್ಳಕ್ಕಿ, ಬಕ ಮುಂತಾದ ಮೀನು ತಿನ್ನುವ ಹಕ್ಕಿಗಳ ಬಾಯಿ ಹಾಗೂ ಗಂಟಲಿನಲ್ಲಿ ಬಲಿಯುತ್ತದೆ. ಅದರ ಮೊಟ್ಟೆಗಳು ನೀರಿಗೆ ಬಿದ್ದು ಒಡೆದಾಗ ಹೊರಬರುವ ಮರಿ ಬಸವನಹುಳುವನ್ನು ಹೊಕ್ಕು ಅಲ್ಲಿ ಸಂಖ್ಯೆಯಲ್ಲಿ ವೃದ್ಧಿಸುತ್ತದೆ. ಬಸವನಹುಳುವಿನಿಂದ ಹೊರಬಂದ ಈಜುಮರಿಗಳು ಮೀನಿನ ಚರ್ಮವನ್ನು ತೂರಿ ಮಾಂಸದಲ್ಲಿ ಗಂಟಾಗಿ ಕುಳಿತುಕೊಳ್ಳುತ್ತವೆ. ಆ ಮೀನನ್ನು ಹಕ್ಕಿ ತಿಂದಾಗ ಚಕ್ರ ಪೂರ್ಣಗೊಳ್ಳುತ್ತದೆ. ಕುರಿ ಸಾಕಣೆದಾರರಿಗೆ ಪರಿಚಿತವಾದ ಪಿತ್ತಜನಕಾಂಗದ ಚಪ್ಪಟೆಹುಳುವೂ ಬಸವನಹುಳುವಿನ ಮೂಲಕವೇ ಹರಡುತ್ತದೆ. ಅಲ್ಲಿ ಮೀನಿನ ಬದಲು ಕೆರೆಯಂಚಿನ ಹುಲ್ಲು ಮಧ್ಯವರ್ತಿಯಾಗುತ್ತದೆ.

ಲಿಗುಲಾ ಲಾಡಿಹುಳುವಿನ ಚಕ್ರದಲ್ಲಿ ಬಸವನಹುಳುವಿನ ಸ್ಥಾನದಲ್ಲಿ ಸೈಕ್ಲಾಪ್ಸ್‌ನಂತಹ ಸೂಕ್ಷ್ಮ ನೀರುಜೀವಿಗಳಿರುತ್ತವೆ. ಮೀನುಮರಿಗಳು ಅವುಗಳನ್ನು ತಿಂದಾಗ ಸೋಂಕು ತಗಲುತ್ತದೆ. ಹುಳು ಬಲಿಯುವುದು ಮೀನು ತಿನ್ನುವ ಹಕ್ಕಿಯ ಕರುಳಿನಲ್ಲಿ.

ಹಕ್ಕಿಗಳನ್ನು ಕೊಲ್ಲುವುದು ಇದಕ್ಕೆ ಪರಿಹಾರವಲ್ಲ. ಹಕ್ಕಿಗಳು ಕೆರೆಯಿಂದ ಕೆರೆಗೆ ಸಂಚರಿಸುವುದರಿಂದ ಅದರಿಂದ ಪ್ರಯೋಜನವಿಲ್ಲ. ಕೆರೆ ಹಕ್ಕಿಗಳಿಗೆ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ರಕ್ಷಣೆಯೂ ಇದೆ.

5. ಮನುಷ್ಯರ ಆರೋಗ್ಯಕ್ಕೆ ಸಂಬಂಧಿಸಿದ ಅಂಶಗಳು

5.1 ಮೀನಿನ ಮೈಮೇಲಿನ ಲಂಗರು ಹುಳು, ಹೇನು ಹಾಗೂ ಕಿವಿರು ಹುಳುಗಳು ಮನುಷ್ಯರಿಗೆ ತಗಲುವುದಿಲ್ಲ.

5.2 ಒಳಮೈ ಹುಳುಗಳಲ್ಲಿ ಕೆಲವು ಜಾತಿಗಳು ಮೀನನ್ನು ಹಸಿಯಾಗಿ ಅಥವಾ ಅರೆಬೆಂದ ಸ್ಥಿತಿಯಲ್ಲಿ ತಿಂದಾಗ ಮಾತ್ರ ಮನುಷ್ಯರಿಗೆ ಬಾಧೆ ನೀಡುತ್ತವೆ. ಹಸಿ ಮೀನು ತಿನ್ನುವ ಪದ್ಧತಿಯಿರುವ ಥಾಯ್ಲೆಂಡ್, ಲಾವೋಸ್, ಚೀನಾ ಹಾಗೂ ಕೊರಿಯಾದ ಕೆಲವು ಪ್ರದೇಶಗಳಲ್ಲಿ ಸಿಹಿನೀರಿನ ಮೀನಿನಿಂದ ಬರುವ ಪಿತ್ತನಾಳದ ಚಪ್ಪಟೆಹುಳುಗಳು ಗಂಭೀರ ಸಮಸ್ಯೆಯಾಗಿವೆ. ಅವು ಪಿತ್ತನಾಳದ ಕ್ಯಾನ್ಸರ್‌ಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವರ್ಗೀಕರಿಸಿದೆ. ಮೀನನ್ನು ಚೆನ್ನಾಗಿ ಕುದಿಸಿ ಸಾರು ಮಾಡುವ ನಮ್ಮ ಭಾಗದ ಅಡುಗೆ ಪದ್ಧತಿಯೇ ಈ ಅಪಾಯದಿಂದ ರಕ್ಷಣೆ ನೀಡುತ್ತದೆ.

5.3 ಮೀನಿನ ತುಂಡಿನ ಒಳಭಾಗವು 63 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದಲ್ಲಿ ಹುಳುಗಳು ಸಾಯುತ್ತವೆ. ಕುದಿಯುವ ಸಾರಿನ ಉಷ್ಣತೆ ಇದಕ್ಕಿಂತ ಬಹಳ ಹೆಚ್ಚು. ತುಂಡಿನ ಮಧ್ಯಭಾಗದ ಮಾಂಸವು ಪಾರದರ್ಶಕತೆ ಕಳೆದುಕೊಂಡು ಮುಳ್ಳಿನಿಂದ ಸುಲಭವಾಗಿ ಬಿಡಿಸಿಕೊಳ್ಳುವಂತಿದ್ದರೆ ಬೆಂದಿದೆಯೆಂದು ತಿಳಿಯಬಹುದು.

5.4 ಈ ಕೆಳಗಿನ ವಿಧಾನಗಳು ಸುರಕ್ಷಿತವಲ್ಲ:
- ಕೆರೆಯ ದಂಡೆಯಲ್ಲಿ ಕೆಂಡದ ಮೇಲೆ ಅರೆಬರೆ ಸುಟ್ಟ ಮೀನು.
- ನಿಂಬೆರಸ, ಹುಣಸೆ ಅಥವಾ ಮಸಾಲೆಯಲ್ಲಿ ನೆನೆಸಿ ಬೇಯಿಸದೆ ತಿನ್ನುವುದು. ಹುಳಿಯಿಂದ ಹುಳುಗಳು ಸಾಯುವುದಿಲ್ಲ.
- ಅಲ್ಪ ಉಪ್ಪು ಹಾಕಿ ಒಂದೆರಡು ದಿನ ಮಾತ್ರ ಒಣಗಿಸಿದ ಮೀನನ್ನು ಬೇಯಿಸದೆ ತಿನ್ನುವುದು.

5.5 ಹಸಿ ಮೀನು ಕತ್ತರಿಸಿದ ಮಣೆ ಹಾಗೂ ಚಾಕುವನ್ನು ತೊಳೆಯದೆ ಸೌತೆಕಾಯಿ, ಈರುಳ್ಳಿ ಮುಂತಾದ ಹಸಿಯಾಗಿ ತಿನ್ನುವ ಪದಾರ್ಥಗಳಿಗೆ ಬಳಸಬಾರದು. ಮೀನಿನ ಕರುಳನ್ನು ನಾಯಿ, ಬೆಕ್ಕುಗಳಿಗೆ ಹಸಿಯಾಗಿ ಹಾಕಬಾರದು, ಕೆರೆಗೆ ಎಸೆಯಬಾರದು, ಗುಂಡಿಯಲ್ಲಿ ಹೂಳಬೇಕು.

5.6 ಒಂದೆರಡು ಗಂಟುಗಳಿರುವ ಮೀನಿನಲ್ಲಿ ಆ ಭಾಗವನ್ನು ಕತ್ತರಿಸಿ ತೆಗೆದು ಉಳಿದುದನ್ನು ಚೆನ್ನಾಗಿ ಬೇಯಿಸಿ ಬಳಸಬಹುದು. ಮಾಂಸದ ತುಂಬ ಗಂಟುಗಳಿರುವ, ಹುಣ್ಣಾಗಿರುವ ಅಥವಾ ದುರ್ವಾಸನೆಯ ಮೀನನ್ನು ಮಾರಬಾರದು, ಕೊಳ್ಳಬಾರದು. ಇಂತಹ ಮಾರಾಟ ಕಂಡುಬಂದಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳ ಗಮನಕ್ಕೆ ತರಬಹುದು.

6. ಕರಾವಳಿಯಿಂದ ಬರುವ ಮೀನಿನ ಬಗ್ಗೆ

ತಾಲ್ಲೂಕಿನ ಮಾರುಕಟ್ಟೆಗಳಿಗೆ ಮಂಜುಗಡ್ಡೆಯಲ್ಲಿ ಬರುವ ಬಂಗುಡೆ ಮುಂತಾದ ಸಮುದ್ರ ಹಾಗೂ ಅಳಿವೆ ಮೀನುಗಳಲ್ಲಿಯೂ ಹುಳುಗಳಿರುವುದು ಸಹಜ. ಹೊಟ್ಟೆಯ ಭಾಗದಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುವ ಸಣ್ಣ ಬಿಳಿ ದುಂಡುಹುಳುಗಳು ಅನಿಸಾಕಿಸ್ ಗುಂಪಿಗೆ ಸೇರಿದವುಗಳಾಗಿರುತ್ತವೆ. ಮೀನು ಸತ್ತ ನಂತರ ಇವು ಕರುಳಿನಿಂದ ಮಾಂಸಕ್ಕೆ ಸರಿಯಬಲ್ಲವು. ಆದ್ದರಿಂದ ಕೊಂಡ ಮೀನನ್ನು ತಡಮಾಡದೆ ಹೊಟ್ಟೆ ಸೀಳಿ ಸ್ವಚ್ಛಗೊಳಿಸುವುದು ಸೂಕ್ತ. ಹಸಿಯಾಗಿ ಬಡಿಸುವ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಘನೀಕರಿಸಬೇಕೆಂದು ಅಮೆರಿಕದ ಆಹಾರ ಆಡಳಿತವು ಸೂಚಿಸುತ್ತದೆ. ಮನೆಯ ಸಾಧಾರಣ ಫ್ರಿಜ್ ಅಥವಾ ಮಂಜುಗಡ್ಡೆಯ ಪೆಟ್ಟಿಗೆ ಈ ಶೈತ್ಯವನ್ನು ನೀಡಲಾರದು. ಅನಿಸಾಕಿಸ್ ಹುಳುವಿನಿಂದ ಅಲರ್ಜಿಯಾಗುವವರಿಗೆ ಬೇಯಿಸಿದ ಮೀನಿನಿಂದಲೂ ತುರಿಕೆ, ದದ್ದು ಉಂಟಾಗುವ ಸಾಧ್ಯತೆ ಇದ್ದು, ಅಂಥವರು ವೈದ್ಯರ ಸಲಹೆ ಪಡೆಯಬೇಕು.

7. ಹುಳುಬಾಧೆಯೆಂದು ತಪ್ಪಾಗಿ ಭಾವಿಸಲಾಗುವ ಸಂದರ್ಭಗಳು

7.1 ಬೆಳಗಿನ ಜಾವ ಎಲ್ಲ ಜಾತಿಯ ಮೀನುಗಳೂ ಒಮ್ಮೆಲೇ ಸತ್ತು ತೇಲಿದಲ್ಲಿ ಹುಳುಗಳು ಕಾರಣವಾಗಿರುವ ಸಂಭವ ಕಡಿಮೆ. ಚರಂಡಿ ನೀರು ಸೇರಿದ ಅಥವಾ ಪಾಚಿ ದಟ್ಟವಾಗಿ ಬೆಳೆದ ಕೆರೆಗಳಲ್ಲಿ ರಾತ್ರಿಯ ವೇಳೆ ಆಮ್ಲಜನಕ ಕುಸಿಯುವುದರಿಂದ ಅಥವಾ ವಿಷಕಾರಿ ತ್ಯಾಜ್ಯದಿಂದ ಹೀಗಾಗುತ್ತದೆ. ಇಂತಹ ಸಂದರ್ಭದಲ್ಲಿ ಮೀನಿನ ಜೊತೆಗೆ ನೀರಿನ ಮಾದರಿಯನ್ನೂ ಸಂಗ್ರಹಿಸಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಸಲ್ಲಿಸುವುದು ಅಗತ್ಯ.

7.2 ಚಳಿಗಾಲದಲ್ಲಿ ಕೊರವ ಹಾಗೂ ಕಾಡುಮೀನುಗಳ ಮೈಮೇಲೆ ಕೆಂಪು ಹುಣ್ಣುಗಳು ಕಾಣಿಸಿಕೊಂಡಲ್ಲಿ ಅದು 1988ರಲ್ಲಿ ಭಾರತವನ್ನು ಪ್ರವೇಶಿಸಿದ ಸಾಂಕ್ರಾಮಿಕ ಹುಣ್ಣು ರೋಗವಾಗಿರಬಹುದು. ಶಿಲೀಂಧ್ರವನ್ನು ಹೋಲುವ ಜೀವಿಯಿಂದ ಬರುವ ಈ ರೋಗಕ್ಕೆ ಹುಳುವಿನ ಔಷಧಿ ಕೆಲಸ ಮಾಡುವುದಿಲ್ಲ.

8. ಕೆರೆಗೆ ಔಷಧಿ ಹಾಕಬಾರದೇಕೆ

10 ಹೆಕ್ಟೇರ್ ವಿಸ್ತೀರ್ಣದಲ್ಲಿ ಸರಾಸರಿ ಒಂದೂವರೆ ಮೀಟರ್ ಆಳದ ನೀರಿದ್ದಲ್ಲಿ ಆ ಕೆರೆಯಲ್ಲಿ 15 ಕೋಟಿ ಲೀಟರ್ ನೀರಿರುತ್ತದೆ. ಲೀಟರಿಗೆ ಕೇವಲ 4 ಮಿಲಿಗ್ರಾಂ ಪ್ರಮಾಣದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಬೇಕೆಂದರೂ 600 ಕಿಲೋಗ್ರಾಂ ಬೇಕಾಗುತ್ತದೆ. ಇಷ್ಟು ಹಾಕಿದರೂ ಅದರ ಹೆಚ್ಚಿನ ಭಾಗವು ಕೆಸರು ಹಾಗೂ ಕೊಳೆತ ವಸ್ತುಗಳೊಡನೆ ವರ್ತಿಸಿ ನಿಷ್ಫಲವಾಗುತ್ತದೆ. ಮಾಂಸದೊಳಗಿನ ಗಂಟುಗಳನ್ನು ಅದು ಮುಟ್ಟುವುದೂ ಇಲ್ಲ. ಸಣ್ಣ ಸಾಕಣೆ ಕೊಳಕ್ಕೆ ಹೊಂದುವ ಚಿಕಿತ್ಸೆ ಕೆರೆಗೆ ಹೊಂದುವುದಿಲ್ಲ.

ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನು ಕೆರೆಗೆ ಸುರಿಯುವುದು ಇದಕ್ಕಿಂತಲೂ ಅಪಾಯಕಾರಿ. ದನಕರುಗಳು ಅದೇ ನೀರನ್ನು ಕುಡಿಯುತ್ತವೆ; ತೂಬಿನ ನೀರು ತೋಟ ಹಾಗೂ ಗದ್ದೆಗಳಿಗೆ ಹರಿಯುತ್ತದೆ; ವಿಷದ ಅಂಶ ಮೀನಿನ ಮಾಂಸದಲ್ಲಿ ಉಳಿಯುತ್ತದೆ. ಮೀನು ಹೇನಿಗೆ ಹಿಂದೆ ಬಳಸಲಾಗುತ್ತಿದ್ದ ಡೈಕ್ಲೋರೋವಾಸ್ ಕೀಟನಾಶಕದ ಬಳಕೆಯನ್ನು ಕೇಂದ್ರ ಸರ್ಕಾರವು 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಮೀನು ಹಿಡಿಯುವ ಉದ್ದೇಶದಿಂದ ನೀರಿಗೆ ವಿಷ ಬೆರೆಸುವುದು ಭಾರತೀಯ ಮೀನುಗಾರಿಕಾ ಕಾಯ್ದೆ, 1897ರ ಕಾಲದಿಂದಲೂ ಅಪರಾಧವಾಗಿದೆ.

9. ಗುತ್ತಿಗೆದಾರರು ಹಾಗೂ ಮೀನು ಸಾಕಣೆದಾರರು ಅನುಸರಿಸಬೇಕಾದ ಕ್ರಮಗಳು

9.1 ಬಿತ್ತನೆಗೆ ಮುನ್ನ: ಮೀನುಮರಿಗಳನ್ನು ಇಲಾಖೆಯ ಮೀನುಮರಿ ಕೇಂದ್ರಗಳಿಂದ ಅಥವಾ ನೋಂದಾಯಿತ ಉತ್ಪಾದಕರಿಂದ ಪಡೆದು ರಸೀದಿಯನ್ನು ಇಟ್ಟುಕೊಳ್ಳಬೇಕು. ಕೆಲವು ಮರಿಗಳನ್ನು ಬಿಳಿ ತಟ್ಟೆಯ ನೀರಿನಲ್ಲಿ ಬಿಟ್ಟು ಮೈಮೇಲೆ ಎಳೆ, ಹೇನು ಅಥವಾ ಕೆಂಪು ಚುಕ್ಕೆಗಳಿವೆಯೇ ಎಂದು ಪರಿಶೀಲಿಸಬೇಕು. ಹುಳುವಿರುವ ಮರಿಗಳನ್ನು ಕೆರೆಗೆ ಬಿಡಬಾರದು. ಒಮ್ಮೆ ಬಿಟ್ಟ ನಂತರ ಹಿಂಪಡೆಯಲು ಅವಕಾಶವಿರುವುದಿಲ್ಲ.

9.2 ಉಪ್ಪುನೀರಿನ ಸ್ನಾನ: 10 ಲೀಟರ್ ನೀರಿಗೆ 200ರಿಂದ 300 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿ, ಬಲಿತ ಮರಿಗಳನ್ನು ಬಲೆಯಲ್ಲಿಟ್ಟು ಒಂದೆರಡು ನಿಮಿಷ ಅದ್ದಿ ತೆಗೆಯಬೇಕು. ಮರಿಗಳು ಓಲಾಡತೊಡಗಿದ ಕೂಡಲೇ ಹೊರತೆಗೆದು ತಿಳಿನೀರಿಗೆ ಬಿಡಬೇಕು. ಇದರಿಂದ ಹೊರಮೈಯ ಸಣ್ಣ ಪರೋಪಜೀವಿಗಳು ಕಡಿಮೆಯಾಗುತ್ತವೆ. ಈಗಾಗಲೇ ನಾಟಿಕೊಂಡಿರುವ ಲಂಗರು ಹುಳು ಸಾಯುವುದಿಲ್ಲ.

9.3 ಹೇನಿನ ಮೊಟ್ಟೆಗಳ ನಾಶ: ಮೀನು ಹೇನು ತನ್ನ ಮೊಟ್ಟೆಗಳನ್ನು ಕಲ್ಲು, ಮರದ ತುಂಡು ಮುಂತಾದ ಗಟ್ಟಿ ವಸ್ತುಗಳ ಮೇಲೆ ಅಂಟಿಸುತ್ತದೆ. ಸಾಕಣೆ ಕೊಳಗಳಲ್ಲಿ ಬಿದಿರಿನ ಗಳು ಅಥವಾ ಹಲಗೆಗಳನ್ನು ನೆಟ್ಟು, ವಾರಕ್ಕೊಮ್ಮೆ ಹೊರತೆಗೆದು ಕೆರೆದು ಬಿಸಿಲಿನಲ್ಲಿ ಒಣಗಿಸುವುದರಿಂದ ಔಷಧಿಯಿಲ್ಲದೆ ಮೊಟ್ಟೆಗಳನ್ನು ಕಡಿಮೆ ಮಾಡಬಹುದು.

9.4 ಸಕಾಲಿಕ ಹಿಡುವಳಿ: ಬೇಸಿಗೆಯಲ್ಲಿ ನೀರು ತಗ್ಗುವ ಮುನ್ನವೇ ಮಾರಾಟದ ಗಾತ್ರಕ್ಕೆ ಬಂದ ಮೀನುಗಳನ್ನು ಹಂತಹಂತವಾಗಿ ಹಿಡಿಯಬೇಕು. ಇನ್ನಷ್ಟು ತೂಕ ಬರಲೆಂದು ಕಾಯುವುದರಿಂದ ಒತ್ತಡ ಹೆಚ್ಚಿ, ಹುಳುಬಾಧೆಯಿಂದ ತೂಕವೇ ಇಳಿಯುವ ಸಂಭವವಿದೆ.

9.5 ಬಲೆ ಹಾಗೂ ಹರಿಗೋಲು: ಒಂದು ಕೆರೆಯಲ್ಲಿ ಬಳಸಿದ ಬಲೆ, ಹರಿಗೋಲು ಹಾಗೂ ಬುಟ್ಟಿಗಳನ್ನು ಪೂರ್ಣವಾಗಿ ಬಿಸಿಲಿನಲ್ಲಿ ಒಣಗಿಸಿದ ನಂತರವೇ ಮತ್ತೊಂದು ಕೆರೆಗೆ ಇಳಿಸಬೇಕು.

9.6 ಕೃಷಿ ಹೊಂಡ ಹಾಗೂ ಕೊಳಗಳು: ಮೇವಿನಲ್ಲಿ ಅಥವಾ ನೀರಿನಲ್ಲಿ ನೀಡುವ ಯಾವುದೇ ಔಷಧಿಯನ್ನು ಹುಳುವಿನ ಜಾತಿ ಖಚಿತವಾದ ನಂತರ, ಅಧಿಕಾರಿಗಳ ಲಿಖಿತ ಸಲಹೆಯ ಮೇರೆಗೆ ಮಾತ್ರ ಬಳಸಬೇಕು. ಚಿಕಿತ್ಸೆಯ ನಂತರ ಸೂಚಿಸಿದ ಅವಧಿ ಮುಗಿಯುವವರೆಗೆ ಮೀನನ್ನು ಮಾರಬಾರದು.

10. ಪರಿಶೀಲನೆ ಹಾಗೂ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಬಗ್ಗೆ

10.1 ಯಾರಿಗೆ ಸಲ್ಲಿಸಬೇಕು: ಇಲಾಖಾ ಕೆರೆಗಳ ಗುತ್ತಿಗೆಯನ್ನು ಮೀನುಗಾರಿಕೆ ಇಲಾಖೆಯೂ, ಗ್ರಾಮ ಪಂಚಾಯತಿ ಕೆರೆಗಳ ಗುತ್ತಿಗೆಯನ್ನು ಆಯಾ ಪಂಚಾಯತಿಯೂ ನಿರ್ವಹಿಸುತ್ತವೆ. ಕೆರೆ ಯಾರ ಅಧೀನದಲ್ಲಿದ್ದರೂ ಮೀನಿನ ರೋಗದ ಕುರಿತಾದ ಅರ್ಜಿಯನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ಸಲ್ಲಿಸಬಹುದು. ಪಂಚಾಯತಿ ಕೆರೆಯಾದಲ್ಲಿ ಅರ್ಜಿಯ ಪ್ರತಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ ನೀಡುವುದು ಸೂಕ್ತ.

10.2 ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು:
- ಅರ್ಜಿದಾರರ ಹೆಸರು, ವಿಳಾಸ. ಕೆರೆಯ ಹೆಸರು, ಗ್ರಾಮ, ಹೋಬಳಿ
- ಗುತ್ತಿಗೆ ಆದೇಶದ ಸಂಖ್ಯೆ ಹಾಗೂ ಅವಧಿ
- ಬಿತ್ತನೆ ಮಾಡಿದ ದಿನಾಂಕ, ಮರಿಗಳ ಜಾತಿ, ಸಂಖ್ಯೆ ಹಾಗೂ ಖರೀದಿಸಿದ ಸ್ಥಳ
- ಲಕ್ಷಣ ಮೊದಲು ಕಂಡ ದಿನ; ಯಾವ ಜಾತಿಯ ಎಷ್ಟು ಮೀನುಗಳಲ್ಲಿ ಕಂಡಿದೆ
- ಇತ್ತೀಚೆಗೆ ಕೆರೆಗೆ ಸೇರಿದ ಹೊಸ ನೀರು, ತ್ಯಾಜ್ಯ ಅಥವಾ ಹಾಕಿದ ಔಷಧಿ, ಇದ್ದಲ್ಲಿ

10.3 ಮಾದರಿ ಸಂಗ್ರಹಣೆ: ಬಾಧೆಗೊಳಗಾದ ಜೀವಂತ ಮೀನೇ ಅತ್ಯುತ್ತಮ ಮಾದರಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ತರಬಹುದು. ಇದು ಸಾಧ್ಯವಾಗದಿದ್ದಲ್ಲಿ ಆಗತಾನೇ ಸತ್ತ ಮೀನನ್ನು ಸೀಳದೆ, ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ತಲುಪಿಸಬೇಕು. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಕಿವಿರು ಹುಳು ಹಾಗೂ ಹೇನುಗಳು ಕಳಚಿಹೋಗುವುದರಿಂದ ಕೊಳೆತ ಮೀನಿನಿಂದ ಯಾವುದೇ ನಿರ್ಣಯಕ್ಕೆ ಬರಲಾಗದು. ಬಿಡಿ ಹುಳುಗಳನ್ನು ಶೇ. 70ರ ಆಲ್ಕೋಹಾಲ್ ಇರುವ ಚಿಕ್ಕ ಸೀಸೆಯಲ್ಲಿಟ್ಟು, ಮೇಲೆ ಮೀನಿನ ಜಾತಿ, ಹುಳು ಇದ್ದ ಅಂಗ ಹಾಗೂ ದಿನಾಂಕವನ್ನು ಪೆನ್ಸಿಲಿನಿಂದ ಬರೆದ ಚೀಟಿ ಅಂಟಿಸಬೇಕು.

10.4 ತಜ್ಞ ಸಂಸ್ಥೆಗಳು: ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವು ಹೆಸರಘಟ್ಟದಲ್ಲಿಯೂ, ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಬೆಂಗಳೂರಿನ ಹೆಬ್ಬಾಳದಲ್ಲಿಯೂ ಇವೆ. ಜಲಚರ ಪ್ರಾಣಿಗಳ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮವು 2013ರಲ್ಲಿ ಆರಂಭವಾಗಿದ್ದು, ರೋಗವನ್ನು ಮೊಬೈಲ್ ಮೂಲಕ ನೇರವಾಗಿ ವರದಿ ಮಾಡಲು 2023ರ ಜೂನ್‌ನಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಲಾಗಿದೆ.

11. ಸಾರ್ವಜನಿಕರಲ್ಲಿ ಕೋರಿಕೆ

ಹುಳು ಕಂಡ ಮೀನು ಕೆರೆ ಕೆಟ್ಟಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಹಕ್ಕಿ, ಬಸವನಹುಳು ಹಾಗೂ ಮೀನುಗಳಿರುವ ಜೀವಂತ ಕೆರೆಯಲ್ಲಿ ಹುಳುಗಳೂ ಇರುತ್ತವೆ. ಗ್ರಾಹಕರು ಮೀನನ್ನು ಪೂರ್ಣವಾಗಿ ಬೇಯಿಸಿ ಸೇವಿಸುವುದು, ಗುತ್ತಿಗೆದಾರರು ಮರಿಗಳನ್ನು ಪರೀಕ್ಷಿಸಿ ಬಿತ್ತನೆ ಮಾಡುವುದು ಹಾಗೂ ಸಂದೇಹವಿದ್ದಲ್ಲಿ ಔಷಧಿ ಅಂಗಡಿಗೆ ಹೋಗುವ ಮೊದಲು ಜೀವಂತ ಮಾದರಿಯೊಂದಿಗೆ ತಾಲ್ಲೂಕು ಮೀನುಗಾರಿಕೆ ಕಚೇರಿಯನ್ನು ಸಂಪರ್ಕಿಸುವುದು. ಕೆರೆಗೆ ಯಾವುದೇ ಕೀಟನಾಶಕ ಹಾಕುತ್ತಿರುವುದು ಕಂಡುಬಂದಲ್ಲಿ ಜಾನುವಾರುಗಳನ್ನು ಆ ನೀರಿನಿಂದ ದೂರವಿರಿಸಿ, ಕೂಡಲೇ ಗ್ರಾಮ ಪಂಚಾಯತಿಗೆ ತಿಳಿಸುವಂತೆ ಕೋರಲಾಗಿದೆ.